ಮೂರು ಬನ್ನಿನ ಲೆಕ್ಕ

ಸವಾಯಿ ದ್ವೀಪಕ್ಕೆ ಹೋಗುವ ಹಡಗಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಗಣಿತದ ಟೀಚರುಗಳಿದ್ದರು. ರಾಜಧಾನಿ ಆಪಿಯಾದಲ್ಲಿ ವಾರದ ತರಬೇತಿ ಮುಗಿಸಿ ಊರಿಗೆ ಹೊರಟವರು.

“ಲೆಪೇಕಕ್ಕ, ನಿವೃತ್ತಿ ಅರ್ಜಿ ಕೊಟ್ರಾ?”

“ಹರಿದು ಹಾಕ್ದೆ ಕಣೇ ಫೆಟು.”

“ಅಯ್ಯೋ, ಯಾಕೆ?”

“ಮೂರನ್ನ ಅರ್ಧದಿಂದ ಭಾಗಿಸಿದ್ರೆ ಆರು ಯಾಕೆ ಬರುತ್ತೆ, ಹೇಳು.”

“ಅರ್ಧನ ತಲೆಕೆಳಗು ಮಾಡಿ ಗುಣಿಸ್ತೀವಲ್ಲ!”

“ಇಪ್ಪತ್ತೆಂಟು ವರ್ಷ ನಾನೂ ಅದನ್ನೇ ಹೇಳ್ದೆ. ಯಾಕೆ ಅಂದ ಮಕ್ಕಳನ್ನ ಗದರಿಸಿ ಕೂರಿಸ್ದೆ. ನನಗೇ ಗೊತ್ತಿರಲಿಲ್ಲ ಕಣೇ! ನಿನ್ನೆ ನಮ್ಮ ಗುಂಪಿಗೆ ಬಂದ ತರಬೇತಿಯವಳು ಮೂರು ಬನ್ ಕೈಗಿಟ್ಟು, ಅರ್ಧರ್ಧ ಕೊಟ್ರೆ ಎಷ್ಟು ಜನಕ್ಕಾಗುತ್ತೆ ಅಂದ್ಲು.”

“ಆರು ಜನಕ್ಕೆ… ಅಯ್ಯೋ, ಹೌದಲ್ಲ!”

“ಅಷ್ಟೇ! ಎಲ್ಲರೆದುರು ಅತ್ತುಬಿಟ್ಟೆ.”

“ನಾಚಿಕೆಗಾ?”

“ಮೊದಲು ನಾಚಿಕೆಗೆ. ಆಮೇಲೆ, ಮಕ್ಕಳಿಗೆ ಇದನ್ನ ಹೇಳೋಕೆ ಸೋಮವಾರಕ್ಕೆ ಇನ್ನೂ ಮೂರು ದಿನ ಇದೆಯಲ್ಲಾ ಅಂತ.”

ಗೇಟು ತೆರೆಯಿತು. ಲೆಪೇಕಾ ಲಂಗ ಎತ್ತಿ ಹಿಡಿದು ಎಲ್ಲರಿಗಿಂತ ಮೊದಲು ಹಡಗಿನತ್ತ ಓಡಿದರು. ಫೆಟು ಇಬ್ಬರ ಚೀಲಗಳನ್ನೂ ಹೊತ್ತು, ನಗುತ್ತ ಹಿಂದೆಯೇ ಓಡಿದಳು.