ಎಡಕ್ಕ ಎಳಿಯೋ ಹೂವಿನ ಗಾಡಿ

…ಇಲ್ಲ, ನೀ ಮೊದಲು ಇದನ್ನ ಕೇಳು. ಎರಡು ಸಾವಿರದ ಹದಿನಾರು, ಜೂನ್ ಒಂಬತ್ತು, ಗುರುವಾರ. ಅವತ್ತಿನ ಡೈರಿ ತಂದೀನಿ, ಓದ್ತೀನಿ ತಡಿ. "ಇಂದು ಗುಲಾಮಹುಸೇನ ನಮ್ಮ ಹೂವಿನ ಗಾಡಿಯ ಹಿಂದಿನ ಸ್ಪ್ರಿಂಗುಗಳಿಂದ ಎರಡೆರಡು ಪಾಟಾ, ಅಂದರೆ ಉಕ್ಕಿನ ಪಟ್ಟಿ, ಬಿಚ್ಚಿ ತೆಗೆದ. ಐದಿದ್ದದ್ದು ಮೂರಾಯಿತು. ಹಡಗಲಿಯಿಂದ ಹರಪನಹಳ್ಳಿವರೆಗೆ ಒಂದು ಮೊಗ್ಗೂ ನಲುಗಲಿಲ್ಲ." ನಲುಗಲಿಲ್ಲ ಅನ್ನೋದರ ಕೆಳಗ ಗೆರಿ ಬ್ಯಾರೆ ಎಳದೀನಿ.

ಅದಕ್ಯಾಕ ನಗ್ತಿ? ಗಾಡಿ ಬುಡಕ ಮಲಗಿದ್ರ ನನಗ ಗೊತ್ತಾಗೂದಿಲ್ಲ ಅಂದ್ಕೊಂಡಿ? ಕಾಲಷ್ಟ ಹೊರಗ ಅದಾವ, ಆದ್ರ ಹೆಬ್ಬೆಟ್ಟು ಕುಣ್ಯಾಕ ಹತ್ತೈತಿ. ಹೆಬ್ಬೆಟ್ಟು ಕುಣಿದ್ರ ನೀ ನಗ್ತಿರ್ತಿ ಅಂತ ನಿನ್ನ ಹೆಂಡ್ತಿ ಬಾನು ಬೀ ನನಗ ಹೇಳ್ಯಾಳ.

ಇಡೀ ತಾಲೂಕಿನ್ಯಾಗ ಗಾಡಿ ಇದ್ದವರೆಲ್ಲಾ ಪಾಟಾ ಏರಿಸ್ತಾರ. ಮೆಕ್ಕೆಜೋಳದವರು ಒಂದು ಏರಿಸ್ತಾರ, ಉಳ್ಳಾಗಡ್ಡಿಯವರು ಎರಡು ಏರಿಸ್ತಾರ. ಇಳಿಸಿದಾಕಿ ನಾ ಒಬ್ಬಾಕಿ. ಅವತ್ತು ನೀ ಏನಂದಿ? "ಅಕ್ಕಾರ, ಗಾಡಿಗೆ ಯಾರಾದ್ರೂ ಉಪವಾಸ ಕೆಡವತಾರೇನ್ರಿ" ಅಂದಿ. ನಾ ಏನಂದೆ? ಇದು ಟನ್ನುಗಟ್ಲೆ ಹೊರೋ ಗಾಡಿ, ನಮ್ಮ ಮಲ್ಲಿಗಿ ಬುಟ್ಟಿ ಎಲ್ಲಾ ಕೂಡಿಸಿದ್ರೂ ಒಬ್ಬ ಮದುಮಗನ ತೂಕ ಬರೂದಿಲ್ಲ. ಭಾರ ಇಲ್ಲಂದ್ರ ಗಟ್ಟಿ ಸ್ಪ್ರಿಂಗು ಬಗ್ಗೂದಿಲ್ಲ. ಬಗ್ಗಲಿಲ್ಲಂದ್ರ ಗಾಡಿ ಜಿಗೀತೈತಿ. ಗಾಡಿ ಜಿಗದ್ರ ಮೊಗ್ಗು ಬುಟ್ಟಿಗೆ ಉಜ್ಜಿ ಸಂಜಿಗೆ ಕಂದು ಬೀಳ್ತಾವ. ಬಳ್ಳಾರಿಗೆ ಹೋಗಿ ಬಿಎಸ್ಸಿ ಫಿಸಿಕ್ಸ್ ಮಾಡಿದಾಕಿ ಹೇಳ್ತೀನಿ, ಬಿಚ್ಚು ಅಂದೆ. ನೀ ಬಿಚ್ಚಿದಿ. ಅವತ್ತಿನಿಂದ ಹರಪನಹಳ್ಳಿ ಸಂತ್ಯಾಗ ನಮ್ಮ ಹೂವಿನ ಬುಟ್ಟಿ ಮೊದಲು ಖಾಲಿ ಆಗ್ತೈತಿ ಹೌದಿಲ್ಲೋ?

ಹೂಂ ಅನ್ನು. ಅನ್ನಾಕ ಏನು ಹೋಗ್ತೈತಿ ನಿಂದು.

ಈಗ ಬಂದ ಕೆಲಸಕ್ಕ ಬರ್ತೀನಿ. ಸಂಜಿಮುಂದ ನಮ್ಮ ಗಂಗಾಧರ ನಿನ್ನ ಹತ್ರ ಬರ್ತಾನ. ಮಗ ನಂದ ಆದ್ರೂ ಸಿಟ್ಟು ಅವರಪ್ಪಂದು. ನಿನ್ನೆ ಅವ ಹುಬ್ಬಳ್ಳಿಯಿಂದ ಬಂದಾಗ ಗಾಡಿ ಅಂಗಳದಾಗ ಸೊಂಟ ಉಳುಕಿದ ಎಮ್ಮಿ ಹಂಗ ನಿಂತಿತ್ತು. ನಮ್ಮ ಡ್ರೈವರ್ ಜಂಬಣ್ಣನ ಕರಸಿದ. "ನಾ ಇಲ್ಲದಾಗ ಯಾರದೋ ಭಾರ ಹೇರಿ ಬಾಡಿಗಿ ಹೊಡದೀಯ" ಅಂತ ಹಾರ್ಯಾಡಿದ. ಜಂಬಣ್ಣ ತಲಿ ಬಗ್ಗಿಸಿ, "ನನ್ನ ಕೈಯಾಗ ಆತ್ರಿ ಧಣೇರ" ಅಂದ. ಅಷ್ಟ ಅಂದ. ಅದಕ್ಕ ಗಂಗಾಧರ, "ಹುಸೇನಣ್ಣ ನೋಡಿ ಹೇಳ್ಲಿ. ಭಾರ ಹೇರಿ ಮುರದದ್ದಾದ್ರ ನಾಳಿಂದ ನೀ ಕೆಲಸಕ್ಕ ಬರಬ್ಯಾಡ" ಅಂದುಬಿಟ್ಟ.

ಅಂದ್ರ ಏನಾತು? ಜಂಬಣ್ಣನ ಅನ್ನ ಈಗ ನಿನ್ನ ನಾಲಗಿ ಮ್ಯಾಲೆ ಕುಂತೈತಿ.

ನೀ ಹೇಳೋದು ಭಾಳಿಲ್ಲ. "ಪಾಟಾ ಹಳೇದಾಗಿತ್ತು, ತಾನ ಮುರದೈತಿ" ಅನ್ನು. ಲೋಹಕ್ಕೂ ದಣಿವು ಆಗ್ತೈತಿ, ಮ್ಯಾಲೆ ಕೆಳಗ ಬಗ್ಗಿ ಬಗ್ಗಿ ಒಂದಿನ ಪಟ್ ಅಂತೈತಿ. ಇದು ಸುಳ್ಳಲ್ಲ, ಪುಸ್ತಕದಾಗ ಐತಿ.

ಏನದು ಕೈ ಹೊರಗ ಚಾಚಿದಿ? ಹಾಂ… ಮುರದ ತುಂಡು. ಇದರ ಮುರದ ಬಾಯಿ ಬೆಳ್ಳಗ ಮಿಂಚತೈತಿ ಅಂತ ತೋರಸ್ತೀಯೇನು? ಹಳೇ ಬಿರುಕಾಗಿದ್ರ ತುಕ್ಕು ಹಿಡದು ಕೆಂಪಗ ಇರ್ತಿತ್ತು, ಇದು ನಿನ್ನೆ ಮೊನ್ನೆ ಭಾರಕ್ಕ ಮುರದದ್ದು ಅಂತ. ಗೊತ್ತೈತಿ ನನಗೂ. ಅದಕ್ಕ ಒಂದೀಟು ಗ್ರೀಸು ಮೆತ್ತು. ನಮ್ಮ ಗಂಗಾಧರ ಬಿಳೀ ಅಂಗಿ ಹಾಕ್ಕೊಂಡು ಬಂದಿರ್ತಾನ, ಗ್ರೀಸು ಕಂಡ್ರ ಮಾರುದೂರ ನಿಂದರತಾನ.

ಸ್ಪ್ಯಾನರ್ ಹಂಗ ಕುಟ್ಟಬ್ಯಾಡ. ನನಗ ಬೈದಂಗ ಕೇಳಸ್ತೈತಿ.

ಟೈರಾಡಾ? ಅದೂ ಬಗ್ಗೈತೇನು? ಬಗ್ಗಿರ್ತೈತಿ ಬಿಡು. ಮುಂದಿನ ಎರಡೂ ಗಾಲಿ ಕೂಡಿ ತಿರುಗಲಿ ಅಂತ ಇರೋ ಸಲಾಕಿ ಅದು. ಅದು ಬಗ್ಗಿದ್ರ ಒಂದು ಗಾಲಿ ಮೈಲಾರಕ್ಕ ಹೋಗೂಣು ಅಂತೈತಿ, ಇನ್ನೊಂದು ಮನಿಗೆ ಹೋಗೂಣು ಅಂತೈತಿ. ಅದಕ್ಕ ಗಾಡಿ ದಾರಿಯುದ್ದಕ್ಕೂ ಎಡಕ್ಕ ಎಳಿಯಾಕ ಹತ್ತಿತ್ತು.

ಮೈಲಾರ ಯಾಕ ಬಂತು? ಮಾತಿಗೆ ಬಂತು. ಮಾತಿಗೆ ಒಂದು ಊರು ಬೇಕಲ್ಲ, ಕೂಡ್ಲಿಗಿ ಅಂತ ತಿಳ್ಕೊ. ನೀ ಏನು ಪೋಲೀಸನಾ?

ಅದು ಹೆಂಗ ಬಗ್ಗಿತು ಅನ್ನೋದಕ್ಕೂ ಕಾರಣ ಐತಿ, ಕೇಳು, ನಿನಗೂ ತಿಳದಿರ್ಲಿ. ಹಿಂದ ಭಾರ ಬಿತ್ತು ಅಂತಿಟ್ಕೊ. ಇರೋವು ಮೂರ ಪಾಟಾ, ಕುಸದುಬಿಡ್ತಾವ. ಹಿಂದ ಕುಸದ್ರ ಮುಂದಿನ ಮೂತಿ ಮ್ಯಾಲಕ್ಕ ಏಳ್ತೈತಿ. ಮೂತಿ ಎದ್ರ ಮುಂದಿನ ಗಾಲಿ ನೆಲಾ ಗಟ್ಟಿ ಹಿಡಿಯೂದಿಲ್ಲ. ಆಗ ಸ್ಟೇರಿಂಗು ಎಷ್ಟು ಹಗುರಾಗ್ತೈತಿ ಅಂದ್ರ, ಖಾಲಿ ಜರಡಿ ತಿರುವಿದಂಗ. ಮೊದಲು ಖುಷಿ ಅನಸ್ತೈತಿ ನೋಡು, ಅರೆ, ಎಷ್ಟು ಸಲೀಸು ಅಂತ. ಆಮ್ಯಾಲೆ ತಿರುವು ಬರ್ತೈತಿ. ನೀ ಬಲಕ್ಕ ತಿರುವ್ತಿ, ಗಾಡಿ ನಿಂತು ವಿಚಾರ ಮಾಡ್ತೈತಿ, ಹೋಗ್ಲೋ ಬ್ಯಾಡೋ ಅಂತ. ಅಷ್ಟರಾಗ ಎಡಗಡಿ ಮೋರಿಕಲ್ಲು ಬಂದುಬಿಟ್ಟಿತ್ತು. ಹಿಂದಿನಿಂದ ಸುಂಕಮ್ಮ "ಸುಕನ್ಯಕ್ಕಾ, ಕಲ್ಲು, ಕಲ್ಲು" ಅಂತ ಕೂಗಿದ್ಲು, ನಾ ಬ್ರೇಕ್ ಮ್ಯಾಲೆ…

…

ಯಾಕ, ಸ್ಪ್ಯಾನರ್ ಸದ್ದು ನಿಂತಿತು?

ಹೊರಗ ಯಾಕ ಬರ್ತಿ, ಅಲ್ಲೇ ಇರು. ಕೆಲಸ ಮುಗೀಲಿ. ಹುಸೇನ, ಹಂಗ ನೋಡಬ್ಯಾಡ. ಸುಂಕಮ್ಮ ಅಂದ್ರ… ಸುಂಕಮ್ಮ ಎಲ್ಲರ ಮನ್ಯಾಗೂ ಒಬ್ಬಾಕಿ ಇರ್ತಾಳಪಾ.



ಸರಿ. ನಮ್ಮ ತೋಟದಾಗ ಮೊಗ್ಗು ಬಿಡಿಸೋ ಸುಂಕಮ್ಮ. ಆಕಿ, ಕೊಟ್ರಮ್ಮ, ಎಲ್ಲಾ ಕೂಡಿ ಹನ್ನೊಂದು ಮಂದಿ. ಸುಂಕಮ್ಮನ ಮೈ ನೋಡಿ ಆಕಿನ್ನ ಇಬ್ಬರು ಅಂತ ಹಿಡದ್ರ ಹನ್ನೆರಡು. ಅವರು ನಸುಕಿನ್ಯಾಗ ಎದ್ದು ಹೂವು ಬಿಡಿಸ್ತಾರ, ಹೂವಿಗೆ ಆಯ್ತವಾರ ಇಲ್ಲ, ಹಬ್ಬ ಇಲ್ಲ. ಮೈಲಾರದ ಹೊಳಿ ಇಷ್ಟು ಹತ್ರ ಐತಿ, ಜಾತ್ರಿ ಗದ್ದಲದಾಗ ಬಿಟ್ರ ಸುಮ್ಮನ ದಂಡಿ ಮ್ಯಾಲೆ ಕೂತು ಒಮ್ಮೆನೂ ರೊಟ್ಟಿ ತಿಂದಿಲ್ಲ ಅಂದ್ರು. ಗಂಗಾಧರ ಊರಾಗ ಇರಲಿಲ್ಲ. ಜಂಬಣ್ಣ ಹೂವು ಮುಟ್ಟಿಸಿ ಬಂದು ಮನ್ಯಾಗ ಮಲಗಿದ್ದ. ಗಾಡಿ ಖಾಲಿ ನಿಂತಿತ್ತು. ಹತ್ರಿ ಅಂದೆ.

ಕೀಲಿನಾ? ಕಣ್ಣಿನ ಆಪರೇಷನ್ ಆದ ಮ್ಯಾಲೆ ಗಂಗಾಧರ ನನ್ನ ಕೀಲಿ ಕಸ್ಕೊಂಡಾನ. ಡಾಕ್ಟರು ಆರಾಮ ನಡಸ್ರಿ ಅಂದ್ರೂ ಇವ ಬ್ಯಾಡ ಅಂತಾನ. ಇನ್ನೊಂದು ಕೀಲಿ ಐತಿ ಅನ್ನೋದು ಅವಗ ಗೊತ್ತಿಲ್ಲ, ಜೋಳದ ಡಬ್ಬಿಯಾಗ ಗಂಡಸರು ಕೈ ಹಾಕೂದಿಲ್ಲ.

ಹೋಗೋವಾಗ ಏನೂ ಆಗ್ಲಿಲ್ಲ ನೋಡು. ಮೆಲ್ಲಕ ಹೋದೆ. ಹೊಳಿಯಾಗ ಎದಿಮಟ ನೀರಾಗ ಕೂತು ಆ ಹೆಣ್ಮಕ್ಕಳು ಏಳವಲ್ರು. ಕೊಟ್ರಮ್ಮ ತನ್ನ ಅತ್ತಿ ನಡಿಯೋದನ್ನ ಮಾಡಿ ತೋರಿಸಿದ್ಲು, ನಾ ನಕ್ಕು ನಕ್ಕು ರೊಟ್ಟಿ ನೀರಿಗೆ ಬೀಳಿಸ್ಕೊಂಡೆ. ಬರೋವಾಗ ಸೀರಿ ಎಲ್ಲಾ ಹಸಿ, ಭಾರ ಇನ್ನೊಂದೀಟು ಹೆಚ್ಚು, ಕತ್ತಲಾಗೋದರೊಳಗ ಮುಟ್ಟಬೇಕು ಅಂತ ನಾನೂ ಒಂದೀಟು ಒತ್ತಿದೆ. ರಸ್ತೆದಾಗಿನ ಹಂಪ್ ಹಾರಿದಾಗ ಪಾಟಾ ಪಟ್ ಅಂತು. ಮುಂದ ತಿರುವು, ಮೋರಿಕಲ್ಲಿಗೆ ಎಡಗಾಲಿ ಬಡೀತು. ಯಾರಿಗೂ ಒಂದು ಗೀರು ಆಗಿಲ್ಲ. ಆಗಿದ್ರ ನಾ ಇಲ್ಲಿ ನಿಂತು ಹಿಂಗ ಮಾತಾಡ್ತಿರಲಿಲ್ಲ.

ಜಂಬಣ್ಣ ಯಾಕ ತನ್ನ ಮ್ಯಾಲೆ ಹಾಕ್ಕೊಂಡ ಅಂತ ಕೇಳಬೇಕಂತ ಮಾಡೀದಿ. ಕೇಳು. ನಾ ಅವಗ ಹೇಳಿಲ್ಲ. ಕಣ್ಣಸನ್ನಿನೂ ಮಾಡಿಲ್ಲ. ಅವ ಗಾಡಿ ನೋಡಿದ, ಒಳಗ ನೋಡಿದ, ಡ್ರೈವರ್ ಸೀಟು ಮುಂದಕ್ಕ ಸರದು ಅದರ ಮ್ಯಾಲೆ ನನ್ನ ದಿಂಬು ಐತಿ. ಆರಡಿ ಆಳು ಅವ. ದಿಂಬು ಎತ್ತಿ ಕಂಕುಳಾಗ ಇಟ್ಕೊಂಡು, ನನ್ನ ಒಂದು ಸಲ ನೋಡಿ, "ನನ್ನ ಕೈಯಾಗ ಆತ್ರಿ" ಅಂದ.

ನಾ ಅಲ್ಲೇ ಕಟ್ಟಿ ಮ್ಯಾಲೆ ಮೊಗ್ಗು ಆರಿಸ್ಕೋತ ಕೂತಿದ್ದೆ.

ಆರಿಸ್ಕೋತನ ಇದ್ದೆ, ಹುಸೇನ.

ನೀ ಬೈದ್ರ ನಾನೂ ತಿರುಗಿ ಬೈಯಬಹುದಿತ್ತು. ಅದಕ್ಕ ನೀ ಬೈಯವಲ್ಲಿ. ಅರಿವಿ ತುಂಡಿಗೆ ಕೈ ಒರಸ್ಕೊಂತ ನಿಂತೀದಿ, ಒಂದ ಬೆರಳು ನಾಕು ಸಲ. ಬಾಯಿಲೆ ಹೇಳೋದು ಸುಳ್ಳು ಅಂತ ಗೊತ್ತಿದ್ದವರ ಮುಂದ ಬಾಯಿ ನಡಸೋದು ಭಾಳ ತ್ರಾಸು ಬಿಡು.

ಗ್ರೀಸು ಕೆಳಗಿಡು. ಆ ತುಂಡು ಹಂಗ ಇರ್ಲಿ, ಬೆಳ್ಳಗ. ನನ್ನ ಫೋನು ಕೊಡಿಲ್ಲಿ, ಡೈರಿ ಬುಡಕ ಐತಿ.

ಹಲೋ, ಗಂಗಾ, ಎಲ್ಲಿದ್ದಿ? ಗ್ಯಾರೇಜಿಗೆ ಬರೋ ಮೊದಲು ಜಂಬಣ್ಣನ ಮನಿಗೆ ಹೋಗು. ಅವನ್ನ ಕರಕೊಂಡು ಬಾ… ಯಾಕ ಅಂದ್ರ ಗಾಡಿ ನಡಿಸಿದ್ದು ನಾನು… ನಾನಪಾ, ನಿಮ್ಮವ್ವ, ಮತ್ಯಾರು… ಒಬ್ಬಾಕಿ ಅಲ್ಲ, ಹನ್ನೊಂದು ಮಂದಿ ಹತ್ತಿದ್ರು… ಜೋಳದ ಡಬ್ಬಿಯಾಗ… ಹೂಂ… ಹೂಂ… ಬೈಯೋದು ಮನ್ಯಾಗ ಬೈಯುವಂತಿ, ಈಗ ಮೊದಲು ಅವನ ಮನಿಗೆ ಹೋಗು. ಬಾಗಲದಾಗ ನಿಂತು ಕರೀಬ್ಯಾಡ, ಒಳಗ ಹೋಗಿ ಕೂತು, ನೀರು ಕುಡದು, ತಪ್ಪಾತು ಅನ್ನು. ನಂದೂ ಸೇರಿಸಿ ಅನ್ನು… ಇಲ್ಲ ಬ್ಯಾಡ, ನಂದು ನಾ ಅಂತೀನಿ.

ಇಟ್ಟ. ಬರ್ತಾನಂತ.

ಎಷ್ಟಾತು ಅಂತ ನಾನ ಹೇಳ್ತೀನಿ, ಕೇಳು. ಒಂದು ಪಾಟಾ, ಒಂದು ಟೈರಾಡು. ಐದೂ ಪಾಟಾ ತಿರುಗಿ ಏರಿಸಬೇಕಂತ ಈಗ ಫೋನಿನ್ಯಾಗ ಮಗನ ಹುಕುಂ ಆಗೈತಿ, ಅಂದ್ರ ಇನ್ನ ಬುಟ್ಟಿ ಬುಡಕ ಹುಲ್ಲು ಹಾಸಬೇಕು, ಆದ್ರೂ ಒಂದಿಷ್ಟು ಹೂವು ಕಂದ್ತಾವ. ಕೀಲಿ ಇಲ್ಲೈತಿ, ಜಂಬಣ್ಣನ ಕೈಗೆ ಕೊಡ್ತೀನಿ, ಇನ್ಮ್ಯಾಲೆ ನಾ ಎಡಗಡಿ ಸೀಟಿನಾಕಿ. ಬರೋ ತಿಂಗಳು ಉಚ್ಚಂಗಿದುರ್ಗಕ್ಕ ಕರಕೊಂಡು ಹೋಗ್ತೀನಿ ಅಂತ ಆ ಹೆಣ್ಮಕ್ಕಳಿಗೆ ಅಂದಿದ್ದೆ, ಅದು ಆಗೂದಿಲ್ಲ. ಮತ್ತ ಜಂಬಣ್ಣ ನಿನ್ನೆ ರಾತ್ರಿ ತನ್ನ ಹೆಂಡ್ತಿ ಮಕ್ಕಳ ಮುಂದ ಕೆಲಸ ಹೋತು ಅಂತ ಹೇಳಿ, ಉಣ್ಣದ ಮಲಗ್ಯಾನಂತ, ಅದನ್ನೂ ನನ್ನ ಲೆಕ್ಕಕ್ಕ ಬರಿ.