ತಲೆಯ ಮೇಲಿನ ಆರತಿ

ದೊಡ್ಡನೆಕ್ಕುಂದಿಯ ಫಿಸಿಯೋಥೆರಪಿ ಕೋಣೆಯ ಹೊರಗೆ, ನೋಯುವ ಭುಜ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದ ಬಸಕ್ಕನಿಗೆ ಪಕ್ಕದಲ್ಲಿದ್ದ ವಯಸ್ಸಾದ ಗಂಡ ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಮರಗಟ್ಟಿದ ಪಾದ ಇಟ್ಕೊಂಡು ಅಮ್ಮನ ಹಬ್ಬಕ್ಕೆ ತಲೆ ಮೇಲೆ ತಂಬಿಟ್ಟಿನ ಆರತಿ ಹೊರ್ತೀಯಾ? ಗುಡಿ ಮುಟ್ಟೋದ್ರೊಳಗೆ ತಂಬಿಟ್ಟೆಲ್ಲ ರಸ್ತೆ ಪಾಲು ಕಣಮ್ಮಿ. ಈ ಸಲ ಸೊಸೆ ಹೊರ್ಲಿ."

"ಮದ್ವೆ ಆದಾಗಿಂದ ನಾನೇ ಹೊತ್ತಿರೋದು. ಸಕ್ಕರೆ ಕಾಯಿಲೆ ಕಾಲಿಗೆ ಇಳ್ದೈತೆ, ತಲೆ ಗಟ್ಟಿಯಾಗೇ ಐತೆ."

"ನೆಲ ನೋಡ್ದೆ ನಿಂಗೆ ನಡೆಯೋಕಾಗಲ್ಲ. ತಲೆ ಬಗ್ಗಿಸಿದ್ರೆ ದೀಪ ಉಳಿಯಲ್ಲ."

"ಅದ್ಕೇ ಅಲ್ವಾ ಮೇಡಮ್ಮು ಮುಂದೆ ನೋಡ್ಕೊಂಡು ಗೆರೆ ಮೇಲೆ ನಡಿ ಅಂತ ಅಭ್ಯಾಸ ಮಾಡಿಸ್ತಿರೋದು?"

"ನೆನ್ನೆ ಮನೇಲಿ ನೀನು ಚೊಂಬು ಹೊತ್ಕೊಂಡು ನಡ್ದೆ. ನೀರೆಲ್ಲ ನನ್ನ ಮೇಲೆ!"

"ಅಡ್ಡ ಕೂತ್ಕೊಳ್ಳಿ ಅಂದೋರ್ಯಾರು? ಆ ನೆಪದಲ್ಲಾದ್ರೂ ಸ್ನಾನ ಆಯ್ತಲ್ಲ."

ಬಸಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಬಿದ್ದು ಸೊಂಟ ಮುರ್ಕೊಂಡ್ರೆ ನಾನೇನೇ ಮಾಡ್ಲಿ?" ಎಂದ ಮುದುಕನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ತಾಯಿ ಬೀಳ್ಸಲ್ಲ. ಬೀಳ್ಸುದ್ರೂ ಎತ್ತೋಕೆ ನೀವಿದೀರಲ್ಲ."

ಒಳಗಿನಿಂದ "ಪಿಳ್ಳಮ್ಮ" ಎಂದು ಕರೆದರು. ಅವಳು ಗೋಡೆ ಹಿಡಿದು ಎದ್ದಳು. ಆಮೇಲೆ ಗೋಡೆ ಬಿಟ್ಟು, ಪಾದದ ಕಡೆ ನೋಡದೆ, ಎದುರಿನ ಗಾಜಿನ ಬಾಗಿಲನ್ನೇ ನೋಡುತ್ತ ಮೆಲ್ಲಗೆ ಹೊರಟಳು. ಅವನು ಅವಳಿಗೆ ತಾಗದ ಹಾಗೆ ಎರಡೂ ಕೈ ಚಾಚಿಕೊಂಡು ಹಿಂದೆಯೇ ನಡೆದ.

"ಕೈ ಇಳ್ಸಿ. ಗಾಜಲ್ಲಿ ಕಾಣ್ತೈತೆ."

"ನನ್ನ ಕೈ ಯಾಕೆ ನೋಡ್ತೀಯ? ದಾರಿ ನೋಡು," ಎಂದ ಅವನು, ಕೈ ಇಳಿಸದೆ.

ಬಾಗಿಲು ಅವರ ಹಿಂದೆ ಮುಚ್ಚಿಕೊಂಡಿತು.