ಹಕ್ಕಿಯ ಹಿಂದೆ ಹೋದ ದೋಣಿಗಳು

ಬನ್ನಿ, ಹತ್ತಿರ ಕೂತ್ಕೊಳ್ಳಿ. ಕಡಲಿಗೆ ಇನ್ನೂ ಉಪ್ಪೇ ಬಿದ್ದಿರಲಿಲ್ಲ ಅನ್ನುವಷ್ಟು ಹಳೇ ಕಾಲದ ಮಾತು. ನಡುಗಡಲಲ್ಲಿ ಒಂದು ದ್ವೀಪ. ಹೆಸರು ಮಾತ್ರ ಕೇಳಬೇಡಿ, ಹೇಳಿದರೆ ನಾಳೆಯೇ ದೋಣಿ ಹತ್ತಿಬಿಡ್ತೀರಿ!

ಅಲ್ಲಿ ಮನುಷ್ಯರ ಮನೆ ಹನ್ನೆರಡು, ಕಡಲಹಕ್ಕಿಯ ಗೂಡು ಸಾವಿರ. ಮೀನು ಹಿಡಿಯುವವರಿಗೆ ಇದ್ದದ್ದು ಒಂದೇ ಪಾಠ: ಬೆಳಗ್ಗೆ ಹಕ್ಕಿ ಹೋದ ಕಡೆ ಮೀನು, ಸಂಜೆ ಹಕ್ಕಿ ಹೋದ ಕಡೆ ಮನೆ. ಗೂಡಲ್ಲಿ ಮರಿ ಬಾಯಿ ಬಿಟ್ಕೊಂಡು ಕಾಯ್ತಿದ್ದರೆ ಯಾವ ತಾಯಿ ತಾನೇ ದಾರಿ ತಪ್ಪುತ್ತಾಳೆ, ಹೇಳಿ? ಅದಕ್ಕೇ ಮರಿಗಳಿರುವ ಹಾಸುಬಂಡೆಯನ್ನು, ಅವು ಹಾರುವ ತನಕ, ಯಾರೂ ತುಳಿಯೋ ಹಾಗಿಲ್ಲ. ಅದು ಊರ ಕಟ್ಟಳೆ.

ಆ ಊರಿಗೆ ದುರ್ಗಿ ಅನ್ನುವವಳು ಸೊಸೆಯಾಗಿ ಬಂದಳು. ಆಚೆ ದಡದವಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಗಂಡ ಮಂಕಾಳ ತಂದ ಮೀನಿಗೆ ಉಪ್ಪು ಹಾಕಿ ಒಣಗಿಸೋದು ಅವಳ ಕೆಲಸ. ಅಂಗಳ ನೋಡಿದರೆ ಅಂಗೈಯಗಲ, ಹಾಸುಬಂಡೆ ನೋಡಿದರೆ ಬಿಸಿಲೋ ಬಿಸಿಲು.

"ಹೋಯ್, ಅಷ್ಟು ದೊಡ್ಡ ಬಂಡೆ ಹಕ್ಕಿಗೆ ಎಂತಕ್ಕೆ?"

"ಅಲ್ಲಿ ಕಾಲಿಡೂಕೆ ಆಗ ಮಾರಾಯ್ತಿ," ಅಂದ ಮಂಕಾಳ. ಬಲೆ ಹೊತ್ತು ನಡೆದ.

ಕೇಳ್ತಾಳಾ ಅವಳು? ಬುಟ್ಟಿ ಹೊತ್ತು ಬಂಡೆಗೇ ಹೋದಳು, ಮೀನು ಹರವಿದಳು. ಹಕ್ಕಿಗಳು ಬಂದು ಕುಕ್ಕಿದವು. ಮೊದಲನೇ ದಿನ ಬೈದಳು, ಜಗ್ಗಲಿಲ್ಲ. ಎರಡನೇ ದಿನ ಕಲ್ಲು ಬೀಸಿದಳು, ಜಗ್ಗಲಿಲ್ಲ. ಮೂರನೇ ದಿನ ದೋಣಿಗಳು ಹೋದದ್ದೇ ತಡ, ಹಿತ್ತಾಳೆ ಹರಿವಾಣ ತಂದು ಢಣ್ ಢಣ್ ಢಣ್ ಅಂತ ಬಡಿದಳು. ಮರಿಗಳು ಬಂಡೆಯ ಬಿರುಕಲ್ಲಿ ಮುದುಡಿಕೊಂಡವು. ತುತ್ತು ತಂದ ತಾಯಂದಿರು ಇಳಿಯಲಾರದೆ ಸುತ್ತಿದರು, ಸುತ್ತಿದರು, ಕೊನೆಗೆ ಪಡುವಣದ ಬೋಳುಕಲ್ಲಿನ ಕಡೆ ಹಾರಿದರು. ಬೋಳುಕಲ್ಲು ಅಂದರೆ ಸುತ್ತಲೂ ಸುಳಿ. ದೋಣಿ ಹೋದರೆ ಚೂರೂ ಸಿಗುವುದಿಲ್ಲ.

"ಗೆದ್ದೆ!" ಅಂದಳು ದುರ್ಗಿ.

ಸಂಜೆ ಹತ್ತಿರ ಬಂತು. ಕಡಲ ಮೇಲೆ ಮಂಜು ಇಳೀತು. ಅತ್ತೆ ಮಾಸ್ತಮ್ಮ ಅಂಗಳದಲ್ಲಿ ನಿಂತು ಆಕಾಶ ನೋಡಿದಳು.

"ಹಕ್ಕಿ ಎಲ್ಲಿ ಹೆಣ್ಣೇ? ಅದು ಹೋದ ಕಡೆ ಅಲ್ದಾ ನಮ್ಮೋರು ಹುಟ್ಟು ಹಾಕೂದು?"

ದುರ್ಗಿಗೆ ಆಗ ಹೊಳೀತು. ಹಕ್ಕಿ ಬೋಳುಕಲ್ಲಿಗೆ, ಹಕ್ಕಿಯ ಹಿಂದೆ ಹನ್ನೆರಡು ದೋಣಿ, ಒಂದರಲ್ಲಿ ಅವಳ ಮಂಕಾಳ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹೆದರಿಕೆಯಾಯ್ತು, ನಾಚಿಕೆ ಅದಕ್ಕಿಂತ ಹೆಚ್ಚಾಯ್ತು. ಅತ್ತೆಯ ಕಾಲು ಹಿಡಿದು ಎಲ್ಲಾ ಹೇಳಿದಳು.

"ಅಳೂಕೆ ಆಮೇಲೆ ಹೊತ್ತುಂಟು," ಅಂದಳು ಮಾಸ್ತಮ್ಮ. "ಓಡಿಸಿದವಳೇ ಕರಿ."

ಕರೆಯೋದು ಹ್ಯಾಗೆ? ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಅಟ್ಟದ ಮೇಲಿತ್ತು, ಮೂರು ಬುಟ್ಟಿ. ಒಂದು ಬುಟ್ಟಿ ಬಂಡೆಯ ಮೇಲೆ ಸುರಿದು ದೂರ ಹೋಗಿ ಕೂತಳು. ಯಾರೂ ಬರಲಿಲ್ಲ. ಇನ್ನೊಂದು ಸುರಿದಳು. ಮಂಜಿನಿಂದ ಒಂದೇ ಒಂದು ಹಕ್ಕಿ ಇಳಿದು, ಒಂದು ಮೀನು ನುಂಗಿ, ಹೆದರಿ ಹಾರಿತು. ಮೂರನೆಯದನ್ನೂ ಸುರಿದಳು. ಈಗ ಆ ಹಕ್ಕಿ ಕೂಗಿತು. ಬಿರುಕಿನೊಳಗಿಂದ ಮರಿಗಳೂ ಕೂಗಿದವು. ಅವುಗಳ ಕೂಗು ಕೇಳಿ ದೂರದಲ್ಲಿ ಇನ್ನೊಂದು ಕೂಗಿತು, ಅದರಾಚೆ ಮತ್ತೊಂದು. ಆಮೇಲೆ ಏನು ಕೇಳ್ತೀರಿ! ಆಕಾಶ ಹಿಡಿಸಲಾರದಷ್ಟು ಹಕ್ಕಿ. ಅವುಗಳ ಕೆಳಗೆ ಒಂದು ದೋಣಿ, ಎರಡು ದೋಣಿ, ಮೂರು ದೋಣಿ. ದುರ್ಗಿ ಬೆರಳು ಮಡಚಿ ಎಣಿಸಿದಳು. ಹನ್ನೆರಡೂ ಬಂದವು.

"ಇವತ್ತು ಹಕ್ಕಿಗೆ ಎಂತ ಆಗಿತ್ತೋ," ಅಂದ ಮಂಕಾಳ, ಗಂಜಿಗೆ ಕೂರುತ್ತಾ. "ಬೋಳುಕಲ್ಲಿನ ಕಡೆ ಹೋಗಿ ಹೋಗಿ ಗಕ್ಕನೆ ತಿರುಗಿದ್ವು. ನಾವೂ ತಿರುಗಿದ್ವಿ. ಹಾಂ, ಒಂದು ಒಣಮೀನು ಸುಟ್ಟು ಕೊಡು."

"ಇಲ್ಲ."

"ಮೂರು ಬುಟ್ಟಿ ಇತ್ತಲ್ಲೇ!"

"ನಿಮ್ಮನ್ನು ಕರಕೊಂಡು ಬಂದವರಿಗೆ ಬಡಿಸಿದೆ," ಅಂದಳು ದುರ್ಗಿ. ಆಮೇಲೆ ಮುಚ್ಚುಮರೆ ಇಲ್ಲದೆ ಎಲ್ಲಾ ಹೇಳಿದಳು.

ಮಂಕಾಳ ಬಾಗಿಲಾಚೆಯ ಮಂಜನ್ನು ಒಮ್ಮೆ ನೋಡಿದ. ಗಂಜಿಗೆ ಉಪ್ಪು ಕಲಸಿಕೊಂಡ. ಆ ಮಳೆಗಾಲ ಪೂರ್ತಿ ಆ ಮನೆಯಲ್ಲಿ ಬರೀ ಗಂಜಿ, ಬರೀ ಉಪ್ಪು. ಒಂದು ದಿನವೂ ಅವನು ಮುಖ ಸಿಂಡರಿಸಲಿಲ್ಲ.

ದೋಣಿ ದಡಕ್ಕೆ, ಹಕ್ಕಿ ಗೂಡಿಗೆ. ಏಳಿ, ನೀವೂ ನಿಮ್ಮ ನಿಮ್ಮ ಮನೆಗೆ.